ಬಿಪಿ ಸರಿ ಇದೆ, ಆದರೂ ರೋಗಿ ಸರಿಯಿಲ್ಲ ಅನಿಸಿದರೆ ನರ್ಸ್ ಏನು ಮಾಡಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷ ಆಗಿದೆ. ಹೋದ ತಿಂಗಳು ಒಂದು ನೈಟ್ ಡ್ಯೂಟಿಯಲ್ಲಿ ನನ್ನ ಪಾಲಿಗೆ 14 ರೋಗಿಗಳಿದ್ದರು. ಅವರಲ್ಲಿ ಮಾಗಡಿ ಕಡೆಯ 62 ವರ್ಷದವರೊಬ್ಬರು, ಕರುಳಿನ ಆಪರೇಷನ್ ಆಗಿ ಐದನೇ ದಿನ. ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರು. ರಾತ್ರಿ ಒಂದು ಗಂಟೆಗೆ ನೋಡಿದಾಗ ಬಿಪಿ 118/76, ಪಲ್ಸ್ 96, ಜ್ವರ 99.4, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಪ್ರಮಾಣ) 95. "ಸಿಸ್ಟರ್, ಯಾಕೋ ಸಂಕಟ ಆಗ್ತಿದೆ, ಮಲಗಕ್ಕೇ ಆಗ್ತಿಲ್ಲ" ಅಂದರು. ಅವರ ಮುಖ ನೋಡಿ ನನಗೂ ಏನೋ ಸರಿಯಿಲ್ಲ ಅನಿಸಿತು. ಉಸಿರಾಟ ಎಣಿಸಲಿಲ್ಲ, ಸಂಜೆ ಶಿಫ್ಟಿನವರು ಬರೆದಿದ್ದ 18ನ್ನೇ ಚಾರ್ಟಿಗೆ ಬರೆದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ "ಪೇಷಂಟ್ ಯಾಕೋ ಡಲ್ ಇದಾರೆ ಸರ್" ಅಂದೆ. "ವೈಟಲ್ಸ್ ಸ್ಟೇಬಲ್ ಇದೆಯಲ್ಲ ಸಿಸ್ಟರ್, ಅಬ್ಸರ್ವ್ ಮಾಡಿ" ಅಂದರು (ವೈಟಲ್ಸ್ ಅಂದರೆ ಬಿಪಿ, ಪಲ್ಸ್, ಜ್ವರ, ಉಸಿರಾಟದಂಥ ಅಂಕಿಗಳು). ಬೆಳಗಿನ ಐದಕ್ಕೆ ಬಿಪಿ 86/50. ಐಸಿಯುಗೆ ಶಿಫ್ಟ್ ಮಾಡಿದರು. ಕರುಳಿನ ಹೊಲಿಗೆ ಸೋರಿತ್ತಂತೆ, ಮತ್ತೆ ಆಪರೇಷನ್ ಆಯಿತು. ದೇವರ ದಯೆ, ಈಗ ಹುಷಾರಾಗಿ ಮನೆಗೆ ಹೋಗಿದ್ದಾರೆ. ಬರೀ ಅನಿಸಿಕೆಯನ್ನು ನಂಬಿ ಡಾಕ್ಟರನ್ನು ಎಬ್ಬಿಸಬಹುದೇ? ಹೇಗೆ ಹೇಳಿದರೆ ಬರುತ್ತಾರೆ? ಬರದಿದ್ದರೆ ಏನು ಮಾಡಬೇಕು? ನಾನು ಬರೆದ ಆ 18ನ್ನು ಈಗ ಏನು ಮಾಡಲಿ?

ಉತ್ತರ: ಎಬ್ಬಿಸಬಹುದು, ಎಬ್ಬಿಸಲೇಬೇಕು. ರಾತ್ರಿ ಒಂದು ಗಂಟೆಗೆ ಆ ಹಾಸಿಗೆಯ ಪಕ್ಕ ನಿಂತು ನೀವು ಗ್ರಹಿಸಿದ್ದು ಸರಿಯಾಗಿಯೇ ಇತ್ತು. ಫೋನಿನ ಆ ತುದಿ ತಲುಪುವ ಹೊತ್ತಿಗೆ ಅದು "ಯಾಕೋ ಡಲ್" ಅನ್ನುವಷ್ಟಕ್ಕೆ ಇಳಿದುಬಿಟ್ಟಿತ್ತು. ಮಲಗಿದ್ದ ಡಾಕ್ಟರಿಗೆ ಸಿಕ್ಕಿದ್ದು ಆ ಎರಡು ಪದ ಮತ್ತು ಅಂಕಿಗಳಲ್ಲಿ ಕಾಣುವ ಒಬ್ಬ ಸ್ಥಿರ ರೋಗಿ. ನೀವು ಕಂಡದ್ದು ಅವರಿಗೂ ಕಾಣುವಂತೆ ಮಾಡುವುದು ಹೇಗೆ ಎನ್ನುವುದನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಅನಿಸಿಕೆಯ ಬಗ್ಗೆ ನಿಮಗಿರುವ ಸಂಕೋಚ ಮೊದಲು ಹೋಗಲಿ. ನೆದರ್ಲೆಂಡ್ಸಿನ ಸಂಶೋಧಕರು ವಾರ್ಡ್ ನರ್ಸುಗಳಿಗೆ "ಈ ರೋಗಿಯ ಬಗ್ಗೆ ಚಿಂತೆ" ಯಾವಾಗ ಹುಟ್ಟುತ್ತದೆ ಎಂದು ಹುಡುಕಿಕೊಂಡು ಹೋಗಿ, ಅದರ ಹಿಂದಿರುವ ಲಕ್ಷಣಗಳನ್ನು ಪಟ್ಟಿ ಮಾಡಿದ್ದಾರೆ. ಉಸಿರಾಟದ ರೀತಿ ಬದಲಾಗುವುದು, ಚರ್ಮದ ಬಣ್ಣ ಮತ್ತು ಬಿಸುಪು ಬದಲಾಗುವುದು, ನಡುಕ, ಮಂಕು, ಚಡಪಡಿಕೆ, ನೋವು, ಆಪರೇಷನ್ ಆದ ಮೇಲೆ ನಿರೀಕ್ಷಿಸಿದಂತೆ ಚೇತರಿಸಿಕೊಳ್ಳದೇ ಇರುವುದು, "ನನಗೇನೋ ಸರಿಯಿಲ್ಲ" ಎಂದು ರೋಗಿಯೇ ಹೇಳುವುದು. ನೀವು ಅನಿಸಿಕೆ ಎಂದು ಕರೆಯುತ್ತಿರುವುದು ಇಂಥ ನಾಲ್ಕೈದು ಸಂಗತಿಗಳನ್ನು ಕಣ್ಣು ಒಟ್ಟಿಗೇ ಗ್ರಹಿಸಿದ್ದರ ಫಲ. ಅವುಗಳನ್ನು ಮತ್ತೆ ಬಿಡಿಸಿ ಹೇಳಲು ಕಲಿಯಬೇಕು. ಅದು ಕಲಿತರೆ ಬರುವ ವಿದ್ಯೆ.

ನಿಮ್ಮ ರೋಗಿಗೆ ಒಂದು ಗಂಟೆಯಿಂದ ಐದು ಗಂಟೆಯವರೆಗೆ ಸಮಯವಿತ್ತು. ಹೆಚ್ಚಿನ ರೋಗಿಗಳಿಗೆ ಇರುತ್ತದೆ. ಆಸ್ಪತ್ರೆಯೊಳಗೇ ಹೃದಯ ನಿಂತುಹೋದ 64 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಮೆರಿಕದ ಒಂದು ಅಧ್ಯಯನ 1990ರಲ್ಲಿ ಪ್ರಕಟವಾಯಿತು. 54 ಮಂದಿಯಲ್ಲಿ ಅದಕ್ಕೆ ಹಿಂದಿನ ಎಂಟು ಗಂಟೆಗಳಲ್ಲೇ ಸ್ಥಿತಿ ಕೆಡುತ್ತಿರುವ ಗುರುತೋ ಹೊಸ ತೊಂದರೆಯೋ ಕೇಸ್ ಶೀಟಿನಲ್ಲಿ ಬರೆದೇ ಇತ್ತು. ಜಗತ್ತಿನ ಹಲವೆಡೆ ವಾರ್ಡಿಗೇ ಧಾವಿಸಿ ಬರುವ ತುರ್ತು ತಂಡಗಳು ಹುಟ್ಟಿಕೊಂಡದ್ದು ಇಂಥ ಅಧ್ಯಯನಗಳ ನಂತರ.

ಇಷ್ಟೆಲ್ಲ ನಡೆಯುತ್ತಿದ್ದಾಗ ಬಿಪಿ 118/76 ಇದ್ದದ್ದು ಹೇಗೆ? ನಮ್ಮ ವಾರ್ಡುಗಳಲ್ಲಿ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ಅಂಕಿ ಇದೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಹೊಟ್ಟೆಯೊಳಗೆ ಹೊಲಿಗೆ ಸೋರಿದಾಗ ಸೋಂಕು ಹರಡುತ್ತದೆ, ರಕ್ತನಾಳಗಳಿಂದ ನೀರಿನಂಶ ಹೊರಗೆ ಜಾರುತ್ತದೆ. ದೇಹ ಸುಮ್ಮನಿರುವುದಿಲ್ಲ. ಹೃದಯ ಬೇಗ ಬಡಿಯುತ್ತದೆ. ಕೈಕಾಲಿನ ರಕ್ತನಾಳಗಳು ಬಿಗಿದುಕೊಂಡು ಇರುವ ರಕ್ತವನ್ನು ಮಿದುಳು, ಹೃದಯಗಳ ಕಡೆಗೆ ತಿರುಗಿಸುತ್ತವೆ. ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಗಾಂಶಗಳಲ್ಲಿ ಆಮ್ಲ ಹೆಚ್ಚುತ್ತಾ ಹೋದಂತೆ ಅದನ್ನು ಹೊರಹಾಕಲು ಉಸಿರು ವೇಗವಾಗುತ್ತದೆ. ಈ ಹೊಂದಾಣಿಕೆ ನಡೆಯುವಷ್ಟು ಹೊತ್ತು ಬಿಪಿ ನೆಟ್ಟಗೆ ನಿಂತಿರುತ್ತದೆ. ರಕ್ತಸ್ರಾವದಲ್ಲೂ ಇದೇ ಕಥೆ: ಆರೋಗ್ಯವಂತ ವಯಸ್ಕರಲ್ಲಿ ಸುಮಾರು ಶೇಕಡ 30ರಷ್ಟು ರಕ್ತ ಹೋಗುವವರೆಗೂ ಮೇಲಿನ ಬಿಪಿ ಹೆಚ್ಚು ಇಳಿಯದೇ ಇರಬಹುದು. ಬಿಪಿ ಬಿತ್ತು ಅಂದರೆ ದೇಹ ಸೋಲೊಪ್ಪಿಕೊಂಡಿದೆ ಎಂದು ತಿಳಿಯಿರಿ.

ಪಲ್ಸ್ 96ನ್ನೂ ಬರೀ 96 ಎಂದು ಓದಬೇಡಿ. ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರ ಹೃದಯ ಎಷ್ಟು ಒದ್ದಾಡಿದರೂ ವೇಗ ಹೆಚ್ಚು ಏರದಂತೆ ಆ ಮಾತ್ರೆ ತಡೆದಿರುತ್ತದೆ. ಹಿಂದಿನ ಮೂರು ದಿನ ಅವರ ಪಲ್ಸ್ 68, 70 ಇದ್ದಿದ್ದರೆ, ಮಾತ್ರೆಯ ಮೇಲೂ 96ಕ್ಕೆ ಏರಿದ್ದು ದೊಡ್ಡ ಬದಲಾವಣೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಸ್ಟೆರಾಯ್ಡ್ ಮೇಲಿರುವವರಲ್ಲಿ ಭಾರಿ ಸೋಂಕಿಗೂ ಜ್ವರ ಬರದೇ ಇರಬಹುದು, ಆದ್ದರಿಂದ 99.4 ಕೂಡ ಧೈರ್ಯ ಕೊಡುವ ಅಂಕಿಯಲ್ಲ. ಟಿಪಿಆರ್ ಚಾರ್ಟಿನಲ್ಲಿ (ಜ್ವರ, ಪಲ್ಸ್, ಉಸಿರಾಟ ಬರೆಯುವ ಹಾಳೆ) ಇವತ್ತಿನ ಕಾಲಂ ಒಂದನ್ನೇ ನೋಡದೆ ಬೆರಳನ್ನು ಎಡಕ್ಕೆ ಜಾರಿಸಿ ನಿನ್ನೆ, ಮೊನ್ನೆ ನೋಡಿ. ಆ ಚಾರ್ಟು ಇರುವುದೇ ಅದಕ್ಕೆ.

ಇನ್ನು ಉಸಿರಾಟ. ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಉಸಿರಾಟ ಎಣಿಸದೆ 18 ಅಥವಾ 20 ಎಂದು ಬರೆಯುವುದು ಬರೀ ನಿಮ್ಮ ವಾರ್ಡಿನ ರೋಗವಲ್ಲ, ಬರೀ ನಮ್ಮ ದೇಶದ ರೋಗವೂ ಅಲ್ಲ. ಬಿಪಿಗೆ ಯಂತ್ರವಿದೆ, ಪಲ್ಸ್, ಸ್ಯಾಚುರೇಷನ್‌ಗೆ ಬೆರಳಿನ ಕ್ಲಿಪ್ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಉಸಿರಾಟಕ್ಕೆ ಮಾತ್ರ ನರ್ಸ್ ಒಂದು ನಿಮಿಷ ನಿಂತು ನೋಡಬೇಕು. 14 ರೋಗಿಗಳಿದ್ದರೆ 14 ನಿಮಿಷ. ಮೊದಲು ಕತ್ತರಿ ಬೀಳುವುದು ಅದಕ್ಕೇ. ಆದರೆ ಹದಗೆಡುತ್ತಿರುವ ರೋಗಿಯಲ್ಲಿ ಬಹಳ ಸಲ ಎಲ್ಲಕ್ಕಿಂತ ಮೊದಲು ಬದಲಾಗುವುದು ಅದೇ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಎಂಬ ಮುನ್ನೆಚ್ಚರಿಕೆ ಅಂಕ ಪದ್ಧತಿಯನ್ನು ನಿಮ್ಮ ರೋಗಿಗೆ ಹಚ್ಚಿ ನೋಡೋಣ. ಉಸಿರಾಟ 12ರಿಂದ 20 ಇದ್ದರೆ ಅಂಕ ಸೊನ್ನೆ, 21ರಿಂದ 24ಕ್ಕೆ 2, 25 ಅಥವಾ ಹೆಚ್ಚಿದ್ದರೆ 3. ಸ್ಯಾಚುರೇಷನ್ 94–95ಕ್ಕೆ 1. ಪಲ್ಸ್ 91ರಿಂದ 110ಕ್ಕೆ 1. ಬಿಪಿ, ಜ್ವರ, ಎಚ್ಚರ ಮೂರಕ್ಕೂ ಸೊನ್ನೆ. ನೀವು ಬರೆದ 18ನ್ನು ಹಿಡಿದರೆ ಒಟ್ಟು 2, ಅಂದರೆ ನಾಲ್ಕಾರು ಗಂಟೆ ಬಿಟ್ಟು ಮತ್ತೆ ನೋಡಿದರೆ ಸಾಕು. ಎಣಿಸಿದಾಗ 26 ಬಂದಿತ್ತು ಎಂದಿಟ್ಟುಕೊಳ್ಳಿ. ಒಟ್ಟು 5 ಆಗುತ್ತದೆ. 5 ಅಂದರೆ ಡಾಕ್ಟರ್ ತುರ್ತಾಗಿ ಬಂದು ನೋಡಬೇಕು, ಕನಿಷ್ಠ ಗಂಟೆಗೊಮ್ಮೆ ವೈಟಲ್ಸ್ ನೋಡಬೇಕು. ಒಂದೇ ಅಂಶಕ್ಕೆ 3 ಬಂದರೂ ಗಂಟೆಗೊಮ್ಮೆ ನೋಡಬೇಕು, ಡಾಕ್ಟರಿಗೆ ತಿಳಿಸಬೇಕು. 7 ಅಥವಾ ಹೆಚ್ಚಾದರೆ ಐಸಿಯು ತಂಡವೇ ಬರಬೇಕು. ಉಳಿದ ಅಂಕಿಗಳು ಒಂದೂ ಬದಲಾಗದೆ, ಉಸಿರಾಟವನ್ನು ನಿಜವಾಗಿ ಎಣಿಸಿದ್ದರಿಂದಲೇ ಆ ರಾತ್ರಿಯ ದಾರಿ ಬೇರೆಯಾಗಬಹುದಿತ್ತು.

ಎಣಿಸುವ ವಿಧಾನ ನಿಮಗೆ ಗೊತ್ತಿದೆ, ರೂಢಿಗೆ ತರುವ ಉಪಾಯವಷ್ಟೇ ಹೇಳುತ್ತೇನೆ. ಪಲ್ಸ್ ಹಿಡಿದಿರುವಂತೆ ಮಣಿಕಟ್ಟು ಹಿಡಿದುಕೊಂಡೇ ಎದೆ, ಹೊಟ್ಟೆ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೇವೆ ಎಂದು ತಿಳಿದರೆ ರೋಗಿಯ ಉಸಿರು ಬದಲಾಗುತ್ತದೆ. ಆ ಹೊತ್ತಿನಲ್ಲೇ ಅಂಗೈ ತಣ್ಣಗಿದೆಯೇ, ಬೆವರಿದೆಯೇ ಎಂದು ನಿಮ್ಮ ಬೆರಳಿಗೆ ಗೊತ್ತಾಗುತ್ತದೆ, ಮುಖ ಕಾಣುತ್ತದೆ, ಡ್ರೈನ್ (ಆಪರೇಷನ್ ಜಾಗದ ದ್ರವ ಹೊರತೆಗೆಯುವ ಕೊಳವೆ) ಕಾಣುತ್ತದೆ, ಯೂರಿನ್ ಬ್ಯಾಗ್ ಕಾಣುತ್ತದೆ. ಹದಿನಾಲ್ಕೂ ಜನರಿಗೆ ರಾತ್ರಿಯೆಲ್ಲ ಇದು ಸಾಧ್ಯವಿಲ್ಲ ಎಂದಾದರೆ ಶಿಫ್ಟಿನ ಶುರುವಿನಲ್ಲೇ ಮೂರು ನಾಲ್ಕು ಜನರನ್ನು ಆರಿಸಿಕೊಳ್ಳಿ: ದೊಡ್ಡ ಆಪರೇಷನ್ ಆದವರು, ಐಸಿಯುನಿಂದ ಇವತ್ತು ಬಂದವರು, ಆಮ್ಲಜನಕದ ಮೇಲಿರುವವರು, ಹ್ಯಾಂಡ್‌ಓವರಿನಲ್ಲಿ ಯಾರೋ "ಸ್ವಲ್ಪ ನೋಡ್ಕೊಳ್ಳಿ" ಅಂದವರು. ಎಣಿಸದಿದ್ದಾಗ ಕಾಲಂ ಖಾಲಿ ಬಿಡಿ. ಖಾಲಿ ಇದ್ದರೆ ಮುಂದಿನವರು ಎಣಿಸುತ್ತಾರೆ. 18 ಇದ್ದರೆ ಯಾರೂ ಎಣಿಸುವುದಿಲ್ಲ.

ಅಂಕ ಪದ್ಧತಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಕಣ್ಣಿಗೆ ಬೀಳದ್ದನ್ನೂ ಹೇಳಬೇಕು. ಗರ್ಭಿಣಿಯರಿಗೆ, 16 ವರ್ಷದೊಳಗಿನವರಿಗೆ ಅದು ಅನ್ವಯಿಸುವುದಿಲ್ಲ. ಮಳೆಗಾಲದಲ್ಲಿ ಬೆಂಗಳೂರಿನ ಮೆಡಿಕಲ್ ವಾರ್ಡುಗಳು ಡೆಂಗಿ ರೋಗಿಗಳಿಂದ ತುಂಬುತ್ತವೆ, ಅಲ್ಲಿ ಅಪಾಯದ ಹೊತ್ತು ಜ್ವರ ಇಳಿದಾಗ ಬರುತ್ತದೆ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಬಿಡುತ್ತದೆ. ಮನೆಯವರು ನೆಮ್ಮದಿಯಿಂದ ಡಿಸ್ಚಾರ್ಜ್ ಕೇಳುತ್ತಾರೆ, ಎಲ್ಲರ ಗಮನವೂ ಪ್ಲೇಟ್‌ಲೆಟ್ ಸಂಖ್ಯೆಯ ಮೇಲಿರುತ್ತದೆ. ಅದೇ ವೇಳೆಗೆ ರಕ್ತನಾಳಗಳಿಂದ ಪ್ಲಾಸ್ಮಾ ಸೋರಲು ಶುರುವಾಗಿರಬಹುದು. ಬಿಪಿ 100/84 ಬಂದರೆ ನ್ಯೂಸ್-2 ಮೇಲಿನ ಅಂಕಿಯನ್ನಷ್ಟೇ ನೋಡಿ 2 ಕೊಡುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ 16ರಷ್ಟೇ ಅಂತರ ಉಳಿದಿರುವುದು ಅದಕ್ಕೆ ಕಾಣುವುದಿಲ್ಲ. ಡೆಂಗಿಯಲ್ಲಿ ಆ ಅಂತರ 20ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಅದು ಶಾಕ್. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನ ರಕ್ತ, ಮಂಕು, ಏರುತ್ತಿರುವ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಇವನ್ನು ಜೋಡಿಸಿ ನೋಡುವುದು ನರ್ಸಿನ ತಲೆಯೇ ಹೊರತು ಚಾರ್ಟಲ್ಲ. ಅಂಕ ಹೆಚ್ಚಿದ್ದರೆ ಕರೆಯಿರಿ. ಅಂಕ ಕಡಿಮೆಯಿದ್ದು ಚಿಂತೆ ಹೆಚ್ಚಿದ್ದರೂ ಕರೆಯಿರಿ. ನ್ಯೂಸ್-2 ರೂಪಿಸಿದವರೂ ಇದನ್ನೇ ಹೇಳಿದ್ದಾರೆ.

ಸ್ಯಾಚುರೇಷನ್ ಬಗ್ಗೆಯೂ ಒಂದು ಮಾತು. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ನಂಬುವಂತಿಲ್ಲ. ಕಪ್ಪು ಚರ್ಮದವರಲ್ಲಿ ಈ ಕ್ಲಿಪ್ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಎಂದು 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಮತ್ತೆ ನೆನಪಿಸಿತು. ನಮ್ಮ ಜನರ ಮೈಬಣ್ಣ ನೆನೆದರೆ 94–95ರ ಆಸುಪಾಸಿನಲ್ಲಿ ನಿಶ್ಚಿಂತೆಯಿಂದ ಕೂರುವಂತಿಲ್ಲ.

ಈಗ ಆ ರೋಗಿಯ ಬಾಯಿಂದ ಬಂದ "ಸಂಕಟ". ಮಾಗಡಿ, ಕನಕಪುರ, ಚಿಂತಾಮಣಿಗಳಿಂದ ಬರುವ ಹಿರಿಯರು ನೋವಿನ ಪ್ರಮಾಣವನ್ನು ಹತ್ತಕ್ಕೆ ಇಷ್ಟು ಎಂದು ಹೇಳುವವರಲ್ಲ. ಸಂಕಟ, ಗಾಬರಿ, ಒಂಥರಾ ಆಗ್ತಿದೆ, ಜೀವ ಹೋದಂಗೆ ಆಗ್ತಿದೆ ಅನ್ನುತ್ತಾರೆ. ಎದೆ ಹಿಡಿದುಕೊಂಡವರೂ "ಗ್ಯಾಸ್ಟ್ರಿಕ್ ಅಷ್ಟೇ ಬಿಡಮ್ಮಾ" ಅನ್ನುತ್ತಾರೆ. ಕೆಳಗೋಡೆಯ ಹೃದಯಾಘಾತ ಹೊಟ್ಟೆಯುಬ್ಬರದಂತೆಯೇ ಕಾಣಿಸಿಕೊಳ್ಳಬಲ್ಲದು. ಹಾಗಾಗಿ ಅಂಥ ಮಾತು ಕಿವಿಗೆ ಬಿದ್ದರೆ ಪ್ಯಾಂಟೊಪ್ರಜೋಲ್ (ಗ್ಯಾಸ್ಟ್ರಿಕ್‌ಗೆ ಕೊಡುವ ಔಷಧ) ಹುಡುಕುವ ಮೊದಲು ಇಸಿಜಿ ಆಗಬೇಕು, ಅದೂ ಹತ್ತು ನಿಮಿಷದೊಳಗೆ. ಬೆಂಗಳೂರಿನ ವಾರ್ಡುಗಳಲ್ಲಿ ಕೇರಳದ, ಈಶಾನ್ಯದ ನರ್ಸುಗಳು ಬಹಳ. ದುಡಿಮೆಯಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಈ ಮಾತುಗಳ ತೂಕ ಅವರಿಗೆ ತಕ್ಷಣ ತಿಳಿಯದೇ ಹೋಗಬಹುದು. ಕನ್ನಡ ಬಲ್ಲ ನೀವು ಅವರಿಗೆ ಅದನ್ನು ಹೇಳಿಕೊಟ್ಟರೆ ದೊಡ್ಡ ಉಪಕಾರ. ಆಯಾ ಬಂದು "ತಾತ ಇವತ್ತು ಊಟಾನೇ ಮುಟ್ಟಿಲ್ಲ ಸಿಸ್ಟರ್" ಅಂದರೆ ಎದ್ದು ಹೋಗಿ ನೋಡಿ. ಜೊತೆಗಿರುವ ಮಗಳೋ ಹೆಂಡತಿಯೋ "ಅವರು ಹೀಗಿರಲ್ಲ" ಅಂದರಂತೂ ಅದು ಪ್ರಜ್ಞೆಯ ಬದಲಾವಣೆಯ ಮೊದಲ ವರದಿ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಮಾರ್ಥಾ ನಿಯಮ ಎಂಬ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಅದರಲ್ಲಿ ರೋಗಿಯ ಮನೆಯವರೇ ಇನ್ನೊಂದು ತಂಡವನ್ನು ನೇರವಾಗಿ ಕರೆಸಬಹುದು. ನಮ್ಮಲ್ಲಿ ಮನೆಯವರು ಹಾಸಿಗೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿರುತ್ತಾರೆ, ಆದರೂ ಅವರನ್ನು ಕೇಳುವ ರೂಢಿ ಬೆಳೆದಿಲ್ಲ.

ಚಡಪಡಿಸುವ ರೋಗಿಯ ಬಗ್ಗೆ ನನಗೆ ಬಹಳ ಕಳವಳವಿದೆ. ಡ್ರಿಪ್ ಕಿತ್ತುಕೊಳ್ಳುತ್ತಾರೆಂದು ಗಾಜ್ ಬಟ್ಟೆಯಿಂದ ಕೈ ಕಟ್ಟುವುದು, ನಿದ್ದೆಯ ಇಂಜೆಕ್ಷನ್‌ಗೆ ಆರ್ಡರ್ ಕೇಳುವುದು ರಾತ್ರಿಪಾಳಿಯಲ್ಲಿ ಸಲೀಸಾಗಿ ನಡೆದುಹೋಗುತ್ತದೆ. ಹೊಸದಾಗಿ ಶುರುವಾದ ಚಡಪಡಿಕೆಗೆ ಕಾರಣ ಆಮ್ಲಜನಕದ ಕೊರತೆಯೇ, ಸಕ್ಕರೆ ಇಳಿದದ್ದೇ, ರಕ್ತಸ್ರಾವವೇ, ಸೋಂಕೇ, ಮೂತ್ರ ಕಟ್ಟಿಕೊಂಡದ್ದೇ ಎಂದು ನೋಡುವವರೆಗೆ ಯಾರೂ ಅವರನ್ನು ಕಟ್ಟಬಾರದು, ಮಲಗಿಸಬಾರದು. ಮಲಗಿಸಿದರೆ ಕೊನೆಯ ಸುಳಿವೂ ಅಳಿಸಿಹೋಗುತ್ತದೆ.

ಫೋನ್ ಎತ್ತುವ ಮೊದಲು ಹಾಸಿಗೆಯ ಬಳಿ ಐದು ನಿಮಿಷ ಕೊಡಿ. ತೀರಾ ಕೆಟ್ಟಿದ್ದರೆ ಅಷ್ಟೂ ಬೇಡ, ನೇರ ಕೋಡ್ ಬ್ಲೂ (ತುರ್ತು ತಂಡಕ್ಕೆ ಕರೆ). ತಲೆಭಾಗ ಎತ್ತಿ ಕೂರಿಸಿ. ಉಸಿರಾಟ ಎಣಿಸಿ. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆ) ನೋಡಿ. ಸ್ಯಾಚುರೇಷನ್ ಕಡಿಮೆಯಿದ್ದರೆ ನಿಮ್ಮ ಆಸ್ಪತ್ರೆಯ ನಿಯಮದಂತೆ ಆಮ್ಲಜನಕ ಹಚ್ಚಿ. ಸಾಮಾನ್ಯರಲ್ಲಿ 94ರಿಂದ 98 ಗುರಿ, ಹಳೆಯ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದ್ದು ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುವ ಅಪಾಯವಿದ್ದವರಲ್ಲಿ 88ರಿಂದ 92. ಕಳೆದ ನಾಲ್ಕು ಗಂಟೆಯ ಮೂತ್ರ ಅಳೆಯಿರಿ: ಕೆಜಿಗೆ ಗಂಟೆಗೆ ಅರ್ಧ ಎಂಎಲ್ ಲೆಕ್ಕದಲ್ಲಿ 60 ಕೆಜಿಯವರಿಗೆ ಗಂಟೆಗೆ 30 ಎಂಎಲ್ ಆದರೂ ಬರಬೇಕು. ಹೊಟ್ಟೆ ಮುಟ್ಟಿ, ಬಿಗಿಯಾಗಿದೆಯೇ, ಉಬ್ಬಿದೆಯೇ ನೋಡಿ. ಡ್ರೈನಿನ ಬಣ್ಣ, ವಾಸನೆ ನೋಡಿ. ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಡ್ರಿಪ್ ಕೊಳವೆ) ಕೆಲಸ ಮಾಡುತ್ತಿದೆಯೇ ಪರೀಕ್ಷಿಸಿ. ಇಂಥ ರೋಗಿಗೆ ಡಾಕ್ಟರ್ ನೋಡುವವರೆಗೆ ಬಾಯಿಗೆ ಏನೂ ಕೊಡಬೇಡಿ.

ಆಮೇಲೆ ಫೋನ್. ಎಸ್‌ಬಿಎಆರ್ ಎಂಬ ಕ್ರಮವನ್ನು (ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಕೋರಿಕೆ, ಈ ಸರದಿಯಲ್ಲಿ ಹೇಳುವುದು) ಕಾಲೇಜಿನಲ್ಲಿ ಓದಿರುತ್ತೀರಿ. ಮೂಲದಲ್ಲಿ ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಲ್ಲಿದ್ದ ಪದ್ಧತಿ, ಆಮೇಲೆ ಆಸ್ಪತ್ರೆಗಳಿಗೆ ಬಂತು. ಪರೀಕ್ಷೆಗೆ ಬರೆದು ಮರೆಯುವ ಬದಲು ಬಾಯಿಗೆ ರೂಢಿ ಮಾಡಿಕೊಳ್ಳಿ. ಆ ರಾತ್ರಿ ಹೀಗೆ ಹೇಳಬಹುದಿತ್ತು: "ಸರ್, ಸರ್ಜಿಕಲ್ ವಾರ್ಡ್ ಸ್ಟಾಫ್ ಮಾತಾಡ್ತಿರೋದು. 12ನೇ ಬೆಡ್ ಪೇಷಂಟ್ ಉಸಿರಾಟ 26 ಆಗಿದೆ, ಸಂಜೆ 18 ಇತ್ತು. ಬವೆಲ್ ರಿಸೆಕ್ಷನ್ ಆಗಿ ಐದನೇ ದಿನ, ಮೆಟೊಪ್ರೊಲಾಲ್ ಮೇಲಿದ್ದಾರೆ, ಆದರೂ ಪಲ್ಸ್ 96. ಬಿಪಿ 118/76, ಸ್ಯಾಚುರೇಷನ್ 95, ಕೈ ತಣ್ಣಗಿದೆ, ನಾಲ್ಕು ಗಂಟೆಯಲ್ಲಿ ಯೂರಿನ್ 70 ಎಂಎಲ್. ನ್ಯೂಸ್ ಸ್ಕೋರ್ 5. ಲೀಕ್ ಅಥವಾ ಸೆಪ್ಸಿಸ್ ಇರಬಹುದು ಅಂತ ನನಗೆ ಆತಂಕ. ದಯವಿಟ್ಟು ಹದಿನೈದು ನಿಮಿಷದೊಳಗೆ ಬಂದು ನೋಡಿ. ಅಷ್ಟರಲ್ಲಿ ಎಬಿಜಿ, ಲ್ಯಾಕ್ಟೇಟ್ ಕಳಿಸಲಾ?"

(ಬವೆಲ್ ರಿಸೆಕ್ಷನ್ ಅಂದರೆ ಕರುಳಿನ ಒಂದು ಭಾಗ ಕತ್ತರಿಸಿ ತೆಗೆಯುವ ಆಪರೇಷನ್, ಲೀಕ್ ಅಂದರೆ ಹೊಲಿಗೆ ಸೋರುವುದು, ಸೆಪ್ಸಿಸ್ ಅಂದರೆ ಅಂಗಾಂಗಗಳನ್ನೇ ಕೆಡಿಸುವ ತೀವ್ರ ಸೋಂಕು, ಎಬಿಜಿ ಮತ್ತು ಲ್ಯಾಕ್ಟೇಟ್ ರಕ್ತಪರೀಕ್ಷೆಗಳು.) ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಇದರಲ್ಲಿ ಎರಡು ಸಂಗತಿ ಗಮನಿಸಿ. ಬದಲಾದ ಅಂಕಿ ಮೊದಲ ವಾಕ್ಯದಲ್ಲೇ ಇದೆ, ಬಿಪಿ ಹಿಂದೆ ಹೋಗಿದೆ. ಮತ್ತು ನಿಮಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದ್ದೀರಿ. ನಮ್ಮ ಹುಡುಗಿಯರು ಅಂಕಿ ಎಲ್ಲ ಒಪ್ಪಿಸಿ ಸುಮ್ಮನಾಗಿಬಿಡುತ್ತಾರೆ, "ಬನ್ನಿ" ಅನ್ನುವ ಮಾತು ಗಂಟಲಲ್ಲೇ ಉಳಿಯುತ್ತದೆ. ದೊಡ್ಡವರಿಗೆ ಹೀಗೆ ಮಾಡಿ ಅನ್ನುವುದು ಅವಿನಯ ಎಂಬ ಸಂಸ್ಕಾರ ನಮಗಿದೆ. ವಿನಯ ದನಿಯಲ್ಲಿರಲಿ, ಕೋರಿಕೆ ಸ್ಪಷ್ಟವಾಗಿರಲಿ. ರೋಗ ಯಾವುದೆಂದು ಹೇಳಲು ನೀವು ಯಾರು ಎಂದು ಯಾರಾದರೂ ಕೇಳಿದರೆ, ನೀವು ಹೇಳುತ್ತಿರುವುದು ನಿಮ್ಮ ಆತಂಕವನ್ನು. ಅದನ್ನು ಹೇಳುವುದು ನಿಮ್ಮ ಕೆಲಸದ ಭಾಗ.

ಅಷ್ಟಾಗಿಯೂ "ಅಬ್ಸರ್ವ್ ಮಾಡಿ" ಅಂದರೆ? ಆಗ ಕೇಳಿ: "ಆಯ್ತು ಸರ್. ಎಷ್ಟು ಹೊತ್ತಿಗೊಮ್ಮೆ ನೋಡಲಿ, ಯಾವ ಅಂಕಿ ಬಂದರೆ ಮತ್ತೆ ಕರೆಯಲಿ?" ಇದಕ್ಕೆ ಉತ್ತರ ಕೊಡಬೇಕಾದರೆ ಡಾಕ್ಟರ್ ರೋಗಿಯ ಬಗ್ಗೆ ಯೋಚಿಸಲೇಬೇಕಾಗುತ್ತದೆ, ಎಷ್ಟೋ ಸಲ ಆ ಯೋಚನೆಯಲ್ಲೇ "ಇರಿ, ಬರ್ತೀನಿ" ಅನ್ನುತ್ತಾರೆ. ಹೇಳಿದ್ದನ್ನು ತಿರುಗಿ ಓದಿ ಹೇಳಿ, ಸಮಯ ಸಮೇತ ನರ್ಸಸ್ ನೋಟ್ಸ್‌ನಲ್ಲಿ ಬರೆಯಿರಿ. ಅರ್ಧ ಗಂಟೆಗೆ ಮತ್ತೆ ನೋಡಿ, ಮತ್ತೆ ಕರೆಯಿರಿ. ಎರಡನೇ ಸಲವೂ ಬರದಿದ್ದರೆ ಇನ್‌ಚಾರ್ಜ್ ಅಥವಾ ನೈಟ್ ಸೂಪರ್‌ವೈಸರ್, ಅವರ ಮೂಲಕ ಕನ್ಸಲ್ಟೆಂಟ್, ಅದೂ ಆಗದಿದ್ದರೆ ಐಸಿಯು ಡಾಕ್ಟರ್. "ಸರ್, ಪೇಷಂಟ್ ಬಗ್ಗೆ ನನಗೆ ಆತಂಕ ಇದೆ, ಅದಕ್ಕೆ ಸೂಪರ್‌ವೈಸರ್ ಮೇಡಂಗೂ ತಿಳಿಸ್ತಿದೀನಿ" ಎಂದು ಮುಂಚೆಯೇ ಹೇಳಿಬಿಡಿ. ಬೆನ್ನ ಹಿಂದೆ ದೂರು ಕೊಟ್ಟರು ಎಂಬ ಕಹಿ ಉಳಿಯುವುದಿಲ್ಲ. ಆ ಡಾಕ್ಟರನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ರಾತ್ರಿ ಎರಡು ಮೂರು ಮಹಡಿಗೆ ಒಬ್ಬರೇ ಇರುತ್ತಾರೆ, ಫೋನಿನಲ್ಲಿ ಬಂದಷ್ಟೇ ಅವರಿಗೆ ಗೊತ್ತಿರುತ್ತದೆ.

14 ರೋಗಿಗಳ ವಿಷಯ ನೀವು ದೂರಿನಂತೆ ಬರೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಹೆಚ್ಚಿತ್ತು. ನಾಲ್ಕಕ್ಕೂ ಎಂಟಕ್ಕೂ ಹೋಲಿಸಿದ ಅಧ್ಯಯನ ಅದು. ಹದಿನಾಲ್ಕರಲ್ಲಿ ದುಡಿಯುತ್ತಿರುವವರಿಗೆ "ಇನ್ನೂ ಜಾಗರೂಕರಾಗಿ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಆಡಳಿತ ನಡೆಸುವವರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ವಿನಂತಿ: ರೋಗಿ ಸುರಕ್ಷತೆಯ ಪೋಸ್ಟರಿಗೆ ಇಟ್ಟ ಹಣವನ್ನು ರಾತ್ರಿಪಾಳಿಗೆ ಇನ್ನೊಬ್ಬ ನರ್ಸನ್ನು ಕೊಡಲು ಬಳಸಿ.

ಬೆಳಗಿನ ನಾಲ್ಕು ಗಂಟೆಗೆ ಯಾರ ತಲೆಯೂ ಚುರುಕಾಗಿರುವುದಿಲ್ಲ. ಆದ್ದರಿಂದ ಕೆಲವು ಸಂಗತಿಗಳನ್ನು ನರ್ಸಿನ ವಿವೇಚನೆಗೆ ಬಿಡಲೇಬಾರದು. ನಮ್ಮ ದೇಶದಲ್ಲಿ ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟ್‌ನದೂ ಇದೆ, 100 ಯೂನಿಟ್‌ನದೂ ಇದೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಎರಡೂ ಬಗೆ ಒಂದೇ ಟ್ರೇಯಲ್ಲಿ ಇರಬಾರದು, ಎಳೆದದ್ದನ್ನು ಇನ್ನೊಬ್ಬರು ನೋಡಬೇಕು. ಪೊಟ್ಯಾಸಿಯಂ ಕ್ಲೋರೈಡಿನ 10 ಎಂಎಲ್ ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ, ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಡಿಸ್ಟಿಲ್ಡ್ ವಾಟರಿನ ಪಕ್ಕದಲ್ಲಿ ಅದು ಇರುವ ಜನರಲ್ ವಾರ್ಡ್ ಯಾವತ್ತಾದರೂ ಒಂದು ಜೀವ ತೆಗೆಯುತ್ತದೆ. ಅದನ್ನು ಬೇರೆ ಕಡೆ, ಬೀಗದೊಳಗೆ ಇಡಿಸಿ. ಇಂಥ ಕಡೆ ತಲೆ ಉಳಿದರೆ ರೋಗಿಯನ್ನು ನೋಡಲು ತಲೆ ಸಿಗುತ್ತದೆ.

ಎರಡು ವರ್ಷದ ಅನುಭವ ಸಾಲದೇ ಎಂಬ ಅಳುಕು ನಿಮ್ಮ ಪತ್ರದಲ್ಲಿದೆ. ಅಮೆರಿಕದ ನರ್ಸಿಂಗ್ ಶಿಕ್ಷಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸಿನ ನಿರ್ಣಯವನ್ನು ನಾಲ್ಕು ಹಂತವಾಗಿ ವಿವರಿಸಿದರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಕ್ರಮ ಕೈಗೊಳ್ಳುವುದು, ಆಮೇಲೆ ಹಿಂತಿರುಗಿ ನೋಡುವುದು. ಮೊದಲನೆಯದು ನಿಮಗೆ ಆಗಲೇ ಬಂದಿದೆ. ನಾಲ್ಕನೆಯದನ್ನು ಈ ಪತ್ರದಲ್ಲೇ ಮಾಡುತ್ತಿದ್ದೀರಿ. ವಾರ್ಡಿನಿಂದ ಐಸಿಯುಗೆ ಹೋದ ಪ್ರತಿ ರೋಗಿಯ ಬಗ್ಗೆ ಮಾರನೆಯ ದಿನ ಅಲ್ಲಿನ ಸಿಸ್ಟರನ್ನು ಕೇಳಿ: ಏನಾಗಿತ್ತು, ಲ್ಯಾಕ್ಟೇಟ್ ಎಷ್ಟಿತ್ತು, ಸಿಟಿಯಲ್ಲಿ ಏನು ಕಂಡಿತು. ನೀವು ಕಂಡ ಮುಖಕ್ಕೂ ಆ ಉತ್ತರಕ್ಕೂ ನಂಟು ಬೆಸೆದಾಗ ಮುಂದಿನ ಸಲ ಕಣ್ಣು ಇನ್ನೂ ಬೇಗ ಗುರುತಿಸುತ್ತದೆ.

ಕೊನೆಗೆ ಆ 18. ಮೆಡಿಕಲ್ ರೆಕಾರ್ಡ್ಸ್‌ಗೆ ಹೋಗಿ ಕೇಸ್ ಶೀಟ್ ತೆಗೆಸಿ ತಿದ್ದಬೇಡಿ. ಯಾರಾದರೂ ತಿದ್ದಿಕೊಡು ಅಂದರೂ ತಿದ್ದಬೇಡಿ. ರೋಗಿ ಇನ್ನೂ ವಾರ್ಡಿನಲ್ಲಿರುವಾಗ ತಪ್ಪು ಗೊತ್ತಾದರೆ ಒಂದೇ ಗೆರೆ ಎಳೆದು, ಹಳೆಯದು ಓದುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಈಗಿನ ಸಮಯ, ಸಹಿ ಸಮೇತ ಬರೆಯಬೇಕು. ಈಗ ಅವರು ಮನೆಗೆ ಹೋಗಿರುವುದರಿಂದ ಅದರ ಜಾಗ ಇನ್ಸಿಡೆಂಟ್ ಫಾರಂ, ಅಂದರೆ ಆಸ್ಪತ್ರೆಯಲ್ಲಿ ಆದ ಲೋಪವನ್ನು ವರದಿ ಮಾಡುವ ಹಾಳೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆ ಇರಲೇಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಪತ್ರವಾಗಿ ಕೊಡಿ. ಒಂದು ಗಂಟೆಗೆ ಏನು ಕಂಡಿರಿ, ಉಸಿರಾಟ ಎಣಿಸದೆ ಸಂಜೆಯ ಅಂಕಿಯನ್ನೇ ಬರೆದಿರಿ, ಡಾಕ್ಟರಿಗೆ ಯಾವ ಮಾತು ಹೇಳಿದಿರಿ, ಅವರು ಏನೆಂದರು, ನಿಮ್ಮ ಪಾಲಿಗೆ ಎಷ್ಟು ರೋಗಿಗಳಿದ್ದರು, ಎಲ್ಲವನ್ನೂ ನಡೆದ ಕ್ರಮದಲ್ಲಿ, ಯಾರನ್ನೂ ದೂಷಿಸದೆ ಬರೆಯಿರಿ. ಕೊನೆಯಲ್ಲಿ ಮೂರು ಕೋರಿಕೆ ಸೇರಿಸಿ: ಟಿಪಿಆರ್ ಚಾರ್ಟಿನಲ್ಲಿ ನ್ಯೂಸ್ ಅಂಕದ ಕಾಲಂ, ರಾತ್ರಿ ಯಾರನ್ನು ಯಾವ ಕ್ರಮದಲ್ಲಿ ಕರೆಯಬೇಕೆಂಬ ಫೋನ್ ನಂಬರುಗಳ ಪಟ್ಟಿ, ಸರ್ಜಿಕಲ್ ವಾರ್ಡಿನ ರಾತ್ರಿಪಾಳಿಗೆ ಇನ್ನೊಬ್ಬ ನರ್ಸ್. ಕೊಡುವ ಮೊದಲು ಇನ್‌ಚಾರ್ಜ್ ಸಿಸ್ಟರಿಗೆ ತೋರಿಸಿ, ಸಾಧ್ಯವಾದರೆ ಅವರ ಸಹಿಯೂ ಇರಲಿ, ತಲುಪಿದ ದಿನಾಂಕ ಬರೆಸಿಕೊಳ್ಳಿ.